ಪರದೆಯ ಹಿಂದಿನ ಡಾಕ್ಟರಮ್ಮ

ಲಿಂಗಸುಗೂರು
2 ಆಗಸ್ಟ್ 2025

ಅಪ್ಪ,

ಕಾಗದದಲ್ಲಿ ಮೊದಲು ಆರೋಗ್ಯ ಕೇಳಬೇಕು ಎಂದು ನೀವೇ ಕಲಿಸಿದ್ದೀರಿ. ಇವತ್ತು ಕೇಳುವುದಿಲ್ಲ. ಸಿಟ್ಟು ಬಂದಿದೆ, ಮೊದಲು ಅದನ್ನು ಬರೆಯುತ್ತೇನೆ.

ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕೋಣೆ ಹಿಡಿದು ನನ್ನದೇ ಆಯುರ್ವೇದ ಕ್ಲಿನಿಕ್ ಇಡುತ್ತೇನೆ ಎಂದಿದ್ದೆನಲ್ಲ, ನಿನ್ನೆ ಅದರ ಅರ್ಜಿ ಹಾಕಲು ಕಂಪ್ಯೂಟರ್ ಸೆಂಟರಿಗೆ ಹೋಗಿದ್ದೆ. ಖಾಸಗಿ ದವಾಖಾನೆ ಯಾವುದೇ ಆಗಲಿ, ಕೆಪಿಎಂಇ ಕಾಯ್ದೆಯಲ್ಲಿ ನೋಂದಣಿ ಆಗದೆ ಬಾಗಿಲು ತೆರೆಯುವ ಹಾಗಿಲ್ಲ. ನನ್ನ ಡಾಕ್ಟರ್ ನೋಂದಣಿ ನಂಬರ್ ಹಾಕಿದ ಕೂಡಲೇ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಸೆಂಟರಿನವನು ನನ್ನ ಮುಖ ನೋಡಿ, ‘ಮೇಡಂ, ನೀವು ಆಗ್ಲೇ ಒಂದು ಕಡಿ ದವಾಖಾನಿ ನಡಸಾಕತ್ತೀರಿ ಅಂತ ತೋರಸ್ತೈತ್ರಿ’ ಎಂದ. ಎಲ್ಲಿ ಎಂದೆ. ಶಿವಕುಮಾರಿ ಕ್ಲಿನಿಕ್, ಗೊರೇಬಾಳ, ಪೂರ್ಣಾವಧಿ ವೈದ್ಯರು ಎಂದು ಗಟ್ಟಿಯಾಗಿ ಓದಿದ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ನಾನು ಬೆಳಿಗ್ಗೆ ಎಂಟಕ್ಕೆ ಕೆಲಸ ಮಾಡುವ ಇಲ್ಲಿನ ಆಸ್ಪತ್ರೆಯ ಹಾಜರಿ ಮಷಿನಿಗೆ ಹೆಬ್ಬೆಟ್ಟು ಒತ್ತಿದರೆ ಮತ್ತೆ ಒತ್ತುವುದು ಸಂಜೆ ಐದಕ್ಕೆ. ಹೀಗಿರುವಾಗ ಗೊರೇಬಾಳದಲ್ಲಿ ಪೂರ್ಣಾವಧಿ ಕೂತಿರುವ ಶಿವಕುಮಾರಿ ಯಾರು? ಕಾಲೇಜು ಮುಗಿದಾಗ ನನ್ನ ಅರ್ಜಿಗಳಿಗೆಲ್ಲ ನಿಮ್ಮ ಮೊಬೈಲ್ ನಂಬರ್ ಕೊಟ್ಟಿದ್ದೆ, ನನ್ನ ಸಿಮ್ ಆಗಾಗ ಬದಲಾಗುತ್ತದೆ ಎಂದು. ಆ ನಂಬರಿಗೆ ಬಂದ ಓಟಿಪಿಯನ್ನು ನೀವೇ ಹಾಕಿ, ನನ್ನ ಸಹಿಯನ್ನೂ ನೀವೇ ಮಾಡಿ, ನನ್ನನ್ನು ನಿಮ್ಮ ಕ್ಲಿನಿಕ್ಕಿನ ಡಾಕ್ಟರ್ ಮಾಡಿಕೊಂಡಿದ್ದೀರಿ. ಇದಕ್ಕೆ ಬೇರೆ ಹೆಸರು ಸಿಗುತ್ತಿಲ್ಲ ಅಪ್ಪ, ಇದು ಕಳ್ಳತನ.

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಕೆಮ್ಮುತ್ತೀರಿ, ಆಮೇಲೆ ಅವ್ವನ ಕೈಗೆ ಕೊಡುತ್ತೀರಿ, ಅವ್ವ ಅಳುತ್ತಾಳೆ, ನಾನು ಸೋಲುತ್ತೇನೆ. ಬರೆದು ಉತ್ತರ ಕೊಡಿ. ಮಸ್ಕಿಯ ಶಿವಕಾಂತ ಮಾಮನ ಮೆಡಿಕಲ್ ಅಂಗಡಿಯಿಂದ ವಾರಕ್ಕೊಮ್ಮೆ ನಿಮಗೆ ಬಸ್ಸಿನಲ್ಲಿ ಔಷಧಿ ಡಬ್ಬಿ ಬರುತ್ತದಲ್ಲ, ಇದನ್ನು ಅದರೊಳಗೆ ಇಡಲು ಮಾಮನಿಗೆ ಹೇಳಿದ್ದೇನೆ. ನಿಮ್ಮ ಉತ್ತರವನ್ನೂ ಖಾಲಿ ಡಬ್ಬಿಯಲ್ಲಿ ಮಸ್ಕಿಗೆ ಕಳಿಸಿ, ಅಲ್ಲಿಂದ ಮಾಮ ಇತ್ತ ಬರುವ ಬಸ್ಸಿಗೆ ಹಾಕುತ್ತಾನೆ.

ಬೋರ್ಡ್ ಇಳಿಸಿ, ನೋಂದಣಿ ರದ್ದು ಮಾಡಿಸಿ.

ಶಿವಕುಮಾರಿ


ಗೊರೇಬಾಳ
10 ಆಗಸ್ಟ್ 2025

ನನ್ನವ್ವ ಶಿವಕುಮಾರಿ,

ನಿನ್ನ ಕಾಗದ ಗುಳಿಗೆ ಡಬ್ಬಿಗಳ ನಡುವೆ ಬಂದು ಮುಟ್ಟಿತು. ನೀನು ಆರೋಗ್ಯ ಕೇಳದಿದ್ದರೂ ನಾನು ಕೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿ ತಾನೇ? ನಿಮ್ಮವ್ವ ಪಂಪಮ್ಮನಿಗೆ ಕಾಗದ ಓದಿ ಹೇಳಿದೆ. ಕಳ್ಳತನ ಎಂದು ಬರೆದ ಸಾಲು ಮಾತ್ರ ಬಿಟ್ಟು ಓದಿದೆ.

ನಡೆದದ್ದು ಹೇಳುತ್ತೇನೆ, ಸಮಾಧಾನದಿಂದ ಕೇಳು. ಸರ್ಕಾರದ ಹೊಸ ಹುಕುಂ ಬಂತಲ್ಲ, ಅಲೋಪತಿಯವರು ನೀಲಿ ಬೋರ್ಡ್, ಆಯುರ್ವೇದದವರು ಹಸಿರು ಬೋರ್ಡ್ ಹಾಕಬೇಕು, ಅದರ ಮೇಲೆ ನೋಂದಣಿ ನಂಬರ್ ಇರಬೇಕು ಎಂದು. ಅದಾದ ಮೇಲೆ ಆರೋಗ್ಯ ಕಚೇರಿಯ ಜೀಪು ಊರೂರು ತಿರುಗಿತು. ನನ್ನಂಥ ಆರ್‌ಎಂಪಿಗಳು, ಅಂದರೆ ಕಾಲೇಜು ಕಾಣದೆ ಕೈಯಿಂದ ಕಲಿತವರು, ಎಷ್ಟು ಮಂದಿ ಶಟರ್ ಎಳೆದುಕೊಂಡು ಓಡಿದರು ಗೊತ್ತೇ? ನಾನು ಸಿಂಧನೂರಿನಲ್ಲಿ ದೊಡ್ಡ ಡಾಕ್ಟರ ಹತ್ತಿರ ಹನ್ನೊಂದು ವರ್ಷ ಕಂಪೌಂಡರ್ ಆಗಿದ್ದವನು. ಇಲ್ಲಿ ಇಪ್ಪತ್ತೆಂಟು ವರ್ಷ ಜ್ವರ, ವಾಂತಿ, ಚೇಳು ಕಡಿತ ಎಲ್ಲ ನೋಡಿದವನು. ಸಾಲಗುಂದದಿಂದಲೂ ಮಂದಿ ನನ್ನ ಕೈಗುಣ ಕೇಳಿ ಬರುತ್ತಾರೆ. ಅಂಥವನು ಜೀಪಿನ ಸದ್ದಿಗೆ ಹಿತ್ತಲ ಬಾಗಿಲಿಂದ ಓಡಬೇಕೇ? ಒಂದು ಸಲ ಓಡಿದೆ. ಹಿಂದಿನ ಓಣಿಯ ಹಾಜಿರಾಬೀಯ ಮನೆಯ ಮೇವಿನ ಬಣವೆಯ ಹಿಂದೆ ಕೂತೆ. ಆ ಹೊತ್ತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆವತ್ತು ಮನೆಗೆ ತಿರುಗಿ ಬಂದಾಗ ಗೋಡೆಯ ಮೇಲಿದ್ದ ನಿನ್ನ ಸರ್ಟಿಫಿಕೇಟ್ ಕಂಡಿತು. ಅಪ್ಪನ ಹೆಸರಿನ ಪಹಣಿ ಇದ್ದರೆ ಮಗ ಹೊಲ ಉಳುವುದಿಲ್ಲವೇ, ಯಾರಾದರೂ ಅದನ್ನು ಕಳ್ಳತನ ಎನ್ನುತ್ತಾರೆಯೇ? ಇದೂ ಹಾಗೇ ಎಂದುಕೊಂಡೆ. ನಂಬರ್ ಮಗಳದು, ದುಡಿಮೆ ಅಪ್ಪನದು, ಮನೆ ಒಂದೇ. ನಿನ್ನನ್ನು ಓದಿಸಿದ್ದೂ ನಾನು ಮಂದಿಗೆ ಹಾಕುವ ಇದೇ ಸೂಜಿಯಲ್ಲವೇ.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ ಬೋರ್ಡ್ ನೀನೂ ನೋಡಿದ್ದೆ. ಅದರ ಕೆಳಗೆ ನಿಂತು, ನಿಮ್ಮವ್ವ ಕರಿದ ಕರಚಿಕಾಯಿ ಕೈಯಲ್ಲಿ ಹಿಡಿದು, ಫೋಟೋ ತೆಗೆಸಿಕೊಂಡು ನಕ್ಕೆ. ಆಗ ಇಲ್ಲದ ಸಿಟ್ಟು ಈಗ ಎಲ್ಲಿಂದ ಬಂತು?

ನಿನ್ನ ಕ್ಲಿನಿಕ್ಕಿಗೆ ಒಂದು ವರ್ಷ ತಡೆದರೆ ಏನೂ ಮುಳುಗುವುದಿಲ್ಲ.

ನಿನ್ನ ಅಪ್ಪ,
ಅಮರಗುಂಡಪ್ಪ


ಲಿಂಗಸುಗೂರು
18 ಆಗಸ್ಟ್ 2025

ಅಪ್ಪ,

ಹೌದು, ನಕ್ಕೆ. ಬೋರ್ಡಿನ ಮೇಲೆ ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಕಂಡು ಉಬ್ಬಿಹೋಗಿದ್ದೆ. ಕೆಳಗಿದ್ದ ನಂಬರನ್ನೂ ನೋಡಿದೆ. ಅದು ನನ್ನ ನಂಬರ್ ಎಂದು ತಿಳಿದೂ, ಹಬ್ಬದ ದಿನ ಯಾಕೆ ಎಂದು ಬಾಯಿ ಮುಚ್ಚಿಕೊಂಡೆ. ಅಪ್ಪನಿಗೆ ಖುಷಿ, ಹೆಸರಿಗೆ ಒಂದು ಬೋರ್ಡ್, ಅಷ್ಟೇ ಎಂದುಕೊಂಡಿದ್ದೆ. ಒಳಗೆ ನಾಟಕ ನಡೆಯುತ್ತದೆ ಎಂದು ಗೊತ್ತಿರಲಿಲ್ಲ.

ನಿನ್ನೆ ಭಾನುವಾರ ಗೊರೇಬಾಳಕ್ಕೆ ಬಂದಿದ್ದೆ. ಅವ್ವನಿಗೂ ಹೇಳಲಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ನಿಮ್ಮ ಬೆಂಚಿನ ಮೇಲೆ ರೋಗಿಗಳ ನಡುವೆ ಅರ್ಧ ಗಂಟೆ ಕೂತೆ. ಪಕ್ಕದಲ್ಲಿ ಹಾಜಿರಾಬೀ ಕೂತಿದ್ದಳು, ನನ್ನ ಗುರುತು ಹಿಡಿಯಲಿಲ್ಲ. ಡಾಕ್ಟರಮ್ಮ ಬರುವುದಿಲ್ಲವೇ ಎಂದು ನಾನೇ ಕೇಳಿದೆ. ‘ಒಳಗಽ ಇರ್ತಾಳವ್ವ. ಗಂಡಸರ ಮುಂದ ಬರಂಗಿಲ್ಲ. ಏನಿದ್ರೂ ಅಪ್ಪನ ಕೈಲೆ ಮಾಡಸ್ತಾಳ, ಭಾಳ ಮರ್ಯಾದಿ ಹುಡುಗಿ’ ಎಂದಳು.

ಒಳಕೋಣೆಗೆ ಹೂವಿನ ಪರದೆ ಕಟ್ಟಿದ್ದೀರಿ. ಪರದೆಯ ಮುಂದೆ ನನ್ನ ಕಾಲೇಜಿನ ಕಾಲದ ಕಂದು ಚಪ್ಪಲಿಗಳನ್ನು ಜೋಡಿಸಿ ಇಟ್ಟಿದ್ದೀರಿ. ಒಬ್ಬ ಮುದುಕನ ನಾಡಿ ಹಿಡಿದು ನೋಡಿ, ‘ತಡೀರಿ, ಡಾಕ್ಟರನ್ನ ಕೇಳಿ ಬರ್ತೀನಿ’ ಎಂದು ಪರದೆ ಸರಿಸಿ ಒಳಗೆ ಹೋದಿರಿ. ಒಳಗಿಂದ ನಿಮ್ಮ ದನಿ ಕೇಳಿತು. ‘ಕುಮಾರಿ, ಇವರಿಗೆ ಒಂದು ಸೂಜಿ ಹಾಕ್ಲೇನವ್ವ?’ ಸ್ವಲ್ಪ ಹೊತ್ತು ಸುಮ್ಮನಿದ್ದಿರಿ, ಆ ಖಾಲಿ ಕೋಣೆ ಉತ್ತರ ಕೊಡುವಷ್ಟು ಹೊತ್ತು. ಆಮೇಲೆ ‘ಆತು, ಹಾಕ್ತೀನಿ’ ಎಂದಿರಿ.

ಥೂ. ನಾನು ಬೆಂಚಿನ ಮೇಲೆ ಕೂತು ನನ್ನನ್ನೇ ಕರೆಯುವುದನ್ನು ಕೇಳುತ್ತಿದ್ದೆ. ಸತ್ತವರ ಹೆಸರಿಗೆ ಎಡೆ ಇಡುವವರೂ ಇಷ್ಟು ಸಲೀಸಾಗಿ ಮಾತಾಡುವುದಿಲ್ಲ. ಸಿರಿಂಜಿನ ಪೊಟ್ಟಣ ಹರಿಯುವ ಸದ್ದು ಕೇಳಲಾರದೆ ಎದ್ದು ಬಂದುಬಿಟ್ಟೆ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ಬಾಯಿ ತೊಳೆದುಕೊಂಡೆ.

ನೀವು ಹಾಕುವ ಆ ನೋವಿನ ಸೂಜಿ ಅಲೋಪತಿಯದು. ಆಯುರ್ವೇದ ಓದಿದ ನನಗೇ ಅದನ್ನು ಹಾಕುವ ಅಧಿಕಾರವಿಲ್ಲ. ಹಸಿರು ಬೋರ್ಡಿನ ಕೆಳಗೆ ಕೂತು, ಇಲ್ಲದ ಡಾಕ್ಟರನ್ನು ಕೇಳಿ, ಹಾಕಬಾರದ ಸೂಜಿ ಹಾಕುತ್ತಿದ್ದೀರಿ.

ಎಂಟು ದಿನ ಕೊಡುತ್ತೇನೆ. ಬೋರ್ಡ್ ಇಳಿಯಬೇಕು, ಪರದೆ ಹರಿಯಬೇಕು. ಇಲ್ಲದಿದ್ದರೆ ಆರೋಗ್ಯ ಕಚೇರಿಗೆ ನಾನೇ ಬರೆಯುತ್ತೇನೆ.

ಶಿವಕುಮಾರಿ


ಗೊರೇಬಾಳ
24 ಆಗಸ್ಟ್ 2025

ಅವ್ವಾ,

ಮನೆಯ ಬಾಗಿಲಿಗೆ ಬಂದು ಒಂದು ಲೋಟ ನೀರೂ ಕುಡಿಯದೆ ಹೋದೆ ಎಂದು ನಿಮ್ಮವ್ವ ಎರಡು ದಿನದಿಂದ ಮಾತಾಡುತ್ತಿಲ್ಲ, ನಿನ್ನ ಮೇಲೆ ಅಲ್ಲ, ನನ್ನ ಮೇಲೆ.

ತೆಗೆಯುತ್ತೇನೆ. ಗಣೇಶ ಬಂದು ಹೋಗಲಿ, ನಾಟಿಯೂ ಮುಗಿಯಲಿ. ಈಗ ಕಾಲುವೆಗೆ ನೀರು ಬಿಟ್ಟಿದ್ದಾರೆ, ಎಲ್ಲ ಕಡೆ ಭತ್ತದ ನಾಟಿ ನಡೆದಿದೆ. ದಿನವಿಡೀ ಬಗ್ಗಿ ನಾಟಿ ಮಾಡಿದ ಹೆಂಗಸರು ಸಂಜೆ ಸೊಂಟ ಹಿಡಿದುಕೊಂಡು ಬರುತ್ತಾರೆ. ಒಂದು ಸೂಜಿ ಬಿದ್ದರೆ ಮರುದಿನ ಮತ್ತೆ ಗದ್ದೆಗೆ ಇಳಿಯುತ್ತಾರೆ. ಈ ಹೊತ್ತಿನಲ್ಲಿ ಬಾಗಿಲು ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು? ದೊಡ್ಡ ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ನಿಮ್ಮ ಕಾಯ್ದೆ ಬರೆದವರು ಒಂದು ದಿನ ಕೆಸರಿನಲ್ಲಿ ಬಗ್ಗಿ ನೋಡಲಿ.

ನಾಟಕ ಎಂದು ಬರೆದಿದ್ದೀ. ಮಂದಿಗೆ ಧೈರ್ಯ ಬೇಕು, ಡಾಕ್ಟರ್ ಇದ್ದಾರೆ ಎಂದರೆ ಅರ್ಧ ರೋಗ ಅಲ್ಲೇ ಇಳಿಯುತ್ತದೆ. ಅದರಲ್ಲಿ ಯಾರಿಗೆ ಏನು ಕೆಟ್ಟದ್ದು ಮಾಡಿದೆ ನಾನು?

ಇರಲಿ. ನಿಮ್ಮ ಆಯುರ್ವೇದದಲ್ಲಿ ಕಾಲು ಜೋಮು ಹಿಡಿದರೆ ಯಾವ ಎಣ್ಣೆ ತಿಕ್ಕುತ್ತಾರೆ? ಸೊಂಟದ ಕೆಳಗೆ ಸೂಜಿ ಹಾಕಿಸಿಕೊಂಡ ಒಬ್ಬ ಹೆಂಗಸಿಗೆ ಪಾದ ಮರಗಟ್ಟಿದ ಹಾಗೆ ಆಗಿದೆಯಂತೆ. ಎರಡು ದಿನದಲ್ಲಿ ಇಳಿಯುತ್ತದೆ ಎಂದು ಹೇಳಿ ಕಳಿಸಿದ್ದೇನೆ. ಆದರೂ ಎಣ್ಣೆಯ ಹೆಸರು ಬರೆದು ಕಳಿಸು. ಅವಸರವೇನಿಲ್ಲ.

ಅಪ್ಪ


ಲಿಂಗಸುಗೂರು
16 ಸೆಪ್ಟೆಂಬರ್ 2025

ಅಪ್ಪ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಎಂಟು ದಿನ ಎಂದಿದ್ದೆ, ಅದೂ ದಾಟಿತು. ಆರೋಗ್ಯ ಕಚೇರಿಗೆ ಬರೆದ ಅರ್ಜಿ ಮೂರು ವಾರ ನನ್ನ ಬ್ಯಾಗಿನಲ್ಲೇ ಇತ್ತು. ದಿನಾ ಬೆಳಿಗ್ಗೆ ಊಟದ ಡಬ್ಬಿ ಇಡುವಾಗ ಅದು ಕೈಗೆ ತಗಲುತ್ತಿತ್ತು, ದಿನಾ ನಾಳೆ ಎನ್ನುತ್ತಿದ್ದೆ.

ನೀವು ಎಣ್ಣೆ ಕೇಳಿದ ಹೆಂಗಸು ನಿನ್ನೆ ನನ್ನ ಹತ್ತಿರ ಬಂದಿದ್ದಳು. ಹೆಸರು ಆದಮ್ಮ, ದಢೇಸುಗೂರಿನವಳು. ಜೊತೆಗೆ ಮಗಳು ದುರ್ಗಾದೇವಿ. ನಿಮ್ಮ ಚೀಟಿಯ ಮೇಲೆ ಹಸಿರು ಅಕ್ಷರದಲ್ಲಿ ನನ್ನ ಹೆಸರಿದೆಯಲ್ಲ, ಅದನ್ನು ಹಿಡಿದು ಕೇಳುತ್ತ ಕೇಳುತ್ತ, ನಾನು ಲಿಂಗಸುಗೂರಿನಲ್ಲೂ ಕೂರುತ್ತೇನೆ ಎಂದು ಯಾರಿಂದಲೋ ತಿಳಿದು ಬಂದಿದ್ದರು. ಚೀಟಿಯ ಮೇಲೆ ಆಗಸ್ಟ್ 22, ಶುಕ್ರವಾರ ಎಂದಿದೆ. ನಾನು ನಿಮಗೆ ಬರೆದ ನಾಲ್ಕು ದಿನಕ್ಕೆ ನೀವು ಅವಳಿಗೆ ಸೂಜಿ ಹಾಕಿದ್ದೀರಿ.

ಎಡಗಾಲಿನ ಚಪ್ಪಲಿಯನ್ನು ಬಟ್ಟೆಯ ಚೂರಿನಿಂದ ಪಾದಕ್ಕೆ ಕಟ್ಟಿಕೊಂಡಿದ್ದಳು. ಇಲ್ಲದಿದ್ದರೆ ನಡೆಯುವಾಗ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲವಂತೆ. ಕೂರಿಸಿ, ಪಾದ ಮೇಲಕ್ಕೆತ್ತು ಎಂದೆ. ಅವಳು ಪಾದವನ್ನೇ ನೋಡುತ್ತ ಕೂತಳು. ಅದು ಏಳಲಿಲ್ಲ. ನಾನು ಹೇಳಿದ್ದು ಅವಳಿಗೆ ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ‘ಎತ್ತಾಕತ್ತೀನವ್ವ’ ಎಂದಳು.

ಸೂಜಿ ನರಕ್ಕೆ ಬಿದ್ದಿದೆ ಅಪ್ಪ. ಹಾಕಬೇಕಾದ ಜಾಗ ಮೇಲೆ, ಹೊರಮಗ್ಗುಲಿಗೆ. ನೀವು ಕೆಳಗೆ, ಒಳಗೆ ಚುಚ್ಚಿದ್ದೀರಿ. ನಿಮ್ಮ ಇಪ್ಪತ್ತೆಂಟು ವರ್ಷದ ಕೈಗುಣ. ಎಣ್ಣೆ ಕೇಳುವ ಬದಲು ಆವತ್ತೇ ನರದ ಡಾಕ್ಟರ ಹತ್ತಿರ ಕಳಿಸಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ನಾನೂ ನಿಮ್ಮ ಆ ಸಾಲನ್ನು ಓದಿದ್ದೆ. ಓದಿ, ಏನಾಗಿರಬಹುದು ಎಂದು ಹೊಳೆದೂ, ಕಾಗದ ಮಡಚಿಟ್ಟೆ.

ನಾನು ಗೊರೇಬಾಳದಲ್ಲಿ ಕೂರುವುದೇ ಇಲ್ಲ, ಆವತ್ತು ಅಲ್ಲಿ ಇರಲಿಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ‘ಸುಳ್ಳ್ಯಾಕ ಹೇಳ್ತೀಯವ್ವ? ನಿಮ್ಮಪ್ಪ ನಿನ್ನ ಕೂಡ ಮಾತಾಡಿದ್ದು ನಾ ಕಿವಿಯಾರ ಕೇಳೀನಿ. ಒಮ್ಮೆ ಹೊರಗ ಬಂದು ನೋಡಿದ್ರ ನಿಂದೇನು ಹೋಗತಿತ್ತು?’ ಎಂದಳು. ಬೈಯಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅವಳಿಗೆ ರಾಯಚೂರಿನ ನರದ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ದುರ್ಗಾದೇವಿಗೆ ದೂರು ಬರೆಯಲು ಬರಲಿಲ್ಲ, ಅದನ್ನೂ ನಾನೇ ಬರೆದೆ, ಅವಳು ಸಹಿ ಹಾಕಿದಳು. ನನ್ನ ಅರ್ಜಿಯನ್ನೂ ಅದರ ಜೊತೆ ಇಟ್ಟು ಇವತ್ತು ಅಂಚೆಗೆ ಹಾಕಿದ್ದೇನೆ. ಜೀಪು ಬರುತ್ತದೆ. ಈ ಸಲ ಬಣವೆಯ ಹಿಂದೆ ಕೂರಬೇಡಿ.

ಶಿವಕುಮಾರಿ


ಗೊರೇಬಾಳ
28 ಸೆಪ್ಟೆಂಬರ್ 2025

ಶಿವಕುಮಾರಿ,

ಬಂದರು. ಪಂಚನಾಮೆ ಮಾಡಿದರು, ಕ್ಲಿನಿಕ್ಕಿಗೆ ಬೀಗ ಜಡಿದು ಸೀಲು ಹಾಕಿದರು. ಓಣಿಯ ಮಂದಿಯೆಲ್ಲ ನಿಂತು ನೋಡಿದರು. ನನ್ನ ಕೈಯಿಂದ ಬದುಕಿದವರೇ ಮೊಬೈಲಿನಲ್ಲಿ ವಿಡಿಯೋ ಮಾಡಿದರು.

ಅಧಿಕಾರಿ ದೂರಿನ ಕಾಗದ ತೋರಿಸಿದರು. ಸಹಿ ಆ ಹುಡುಗಿಯದು, ಅಕ್ಷರ ನನ್ನ ಮಗಳದು. ಆ ಅಕ್ಷರ ಕಲಿಸಿದ್ದು ನಾನು. ಔಷಧಿ ಡಬ್ಬಿಯ ರಟ್ಟು ಹರಿದು, ಅದರ ಬೆನ್ನ ಮೇಲೆ ಬರೆದು ಕಲಿಸಿದೆ. ಅದನ್ನು ಗುರುತು ಹಿಡಿದೆ ಎಂದು ಅವರಿಗೆ ಹೇಳಲಿಲ್ಲ.

ಬೈಯಲು ಕೂತಿಲ್ಲ, ಕೇಳಲು ಕೂತಿದ್ದೇನೆ. ಅಕ್ಟೋಬರ್ 13ಕ್ಕೆ ಸಿಂಧನೂರಿನಲ್ಲಿ ವಿಚಾರಣೆ. ನೋಟಿಸು ಇಬ್ಬರ ಹೆಸರಿಗೂ ಇದೆ, ನಿನಗೂ ಬಂದಿರುತ್ತದೆ. ಶಿವಕಾಂತ ಒಬ್ಬ ವಕೀಲರನ್ನು ಕರೆದುಕೊಂಡು ಬಂದಿದ್ದ. ಅವರು ಹೇಳುವುದು ಇಷ್ಟೇ: ಆ ಶುಕ್ರವಾರ ಡಾಕ್ಟರ್ ಕ್ಲಿನಿಕ್ಕಿನಲ್ಲಿ ಇದ್ದರು ಎಂದಾದರೆ ಅದು ಚಿಕಿತ್ಸೆಯಲ್ಲಿ ಆದ ತಪ್ಪು, ಅಂಥದ್ದು ಯಾರಿಗಾದರೂ ಆಗುತ್ತದೆ, ನಿನಗೊಂದು ಎಚ್ಚರಿಕೆ ಕೊಟ್ಟು ಬಿಡಬಹುದು. ಡಾಕ್ಟರ್ ಇರಲಿಲ್ಲ ಎಂದಾದರೆ ನಾನು ನಕಲಿ ವೈದ್ಯ, ಜೈಲು. ರಿಜಿಸ್ಟರಿನಲ್ಲಿ ಆವತ್ತು ನಿನ್ನ ಸಹಿ ಇದೆ. ನಾನು ದಿನಾ ಹಾಕುತ್ತಿದ್ದೆ. ಅರ್ಜಿಯನ್ನು ಸಿಟ್ಟಿನಲ್ಲಿ ಬರೆದೆ, ಆವತ್ತು ಅಲ್ಲೇ ಇದ್ದೆ ಎಂದು ನೀನು ಒಂದು ಮಾತು ಹೇಳಿದರೆ ಮುಗಿಯಿತು. ನಿಮ್ಮ ಆಸ್ಪತ್ರೆಯ ಹೆಬ್ಬೆಟ್ಟಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ ಎನ್ನುತ್ತಾರೆ ವಕೀಲರು.

ಅರವತ್ತೆಂಟು ವರ್ಷದ ಮುದುಕನನ್ನು ಲಾಕಪ್ಪಿನಲ್ಲಿ ನೋಡುವ ಆಸೆ ಇದ್ದರೆ ಬರಬೇಡ. ಇಲ್ಲದಿದ್ದರೆ ಬಾ. ನಿಮ್ಮವ್ವ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ.

ಅಪ್ಪ


ಲಿಂಗಸುಗೂರು
14 ಅಕ್ಟೋಬರ್ 2025

ಅಪ್ಪ,

ನಿನ್ನೆ ಕಚೇರಿಯಿಂದ ನಿಮ್ಮ ಮುಖ ನೋಡದೆ ಬಂದುಬಿಟ್ಟೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಶಿವಕಾಂತ ಮಾಮ ಕಿಟಕಿಯ ಹತ್ತಿರ ಬಂದು, ‘ನಿಮ್ಮಪ್ಪ ನಿನ್ನ ಉಳಸಾಕ ಹಿಡದ ಹಗ್ಗ ನೀನಽ ಕಡಿದೆಲ್ಲವ್ವ’ ಎಂದ. ಕಿಟಕಿ ಎಳೆದುಕೊಂಡೆ. ನಿಮಗೆ ಮಾತ್ರ ಬರೆಯುತ್ತೇನೆ.

ನಾನು ಬರುವಾಗ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದೆ. ಆವತ್ತು ಇರಲಿಲ್ಲ ಎನ್ನುವುದು, ಹೆಬ್ಬೆಟ್ಟಿನ ಪ್ರಿಂಟ್ ಕೊಡುವುದು, ಎದ್ದು ಬರುವುದು. ನೀವು ಅಳುತ್ತೀರಿ, ನನ್ನ ಕಡೆ ಕೈ ಮುಗಿಯುತ್ತೀರಿ, ಅದನ್ನು ಹೇಗೆ ತಡೆದುಕೊಳ್ಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ನೀವು ಅದೇನೂ ಮಾಡಲಿಲ್ಲ. ವಕೀಲರು ತೋಳು ಜಗ್ಗಿದರೂ ಕೇಳದೆ ಎದ್ದು ನಿಂತು, ‘ನನ್ನ ಮಗಳಿಗೆ ಏನೂ ಗೊತ್ತಿಲ್ರಿ ಸಾಹೇಬ್ರ. ಬೋರ್ಡ್, ಸಹಿ, ಓಟಿಪಿ ಎಲ್ಲಾ ನಂದಽ. ಆಕಿ ಆ ಬೋರ್ಡ್ ನೋಡಿಽ ಇಲ್ಲ’ ಎಂದಿರಿ.

ಅಧಿಕಾರಿಗೂ ಅದು ಸಾಕಾಗಿತ್ತು. ನನ್ನ ಹೆಸರು ನನಗೆ ತಿಳಿಯದೆ ದುರುಪಯೋಗ ಆಗಿದೆ ಎಂದು ಹೇಳಿಕೆ ಟೈಪ್ ಮಾಡಿಸಿ ನನ್ನ ಮುಂದೆ ಇಟ್ಟರು. ಸಹಿ ಹಾಕಿದರೆ ಮುಗಿಯಿತು. ನಂಬರ್ ಬಿಡುಗಡೆ ಆಗುತ್ತದೆ, ಬಸ್ ಸ್ಟ್ಯಾಂಡಿನ ಹಿಂದಿನ ಕೋಣೆಗೆ ಹೋಗಿ ನನ್ನದೇ ಬೋರ್ಡ್ ಹಾಕಬಹುದು. ನನಗೆ ಒಂದು ಗಳಿಗೆ ಎದೆ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಪೆನ್ನೂ ತೆಗೆದೆ.

ಎದುರಿಗೆ ಬೆಂಚಿನ ಮೇಲೆ ಆದಮ್ಮ ಕೂತಿದ್ದಳು. ಪಾದ ಜೋಲದ ಹಾಗೆ ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿದ್ದಾರೆ, ಇನ್ನು ಗದ್ದೆಗೆ ಇಳಿಯುವ ಹಾಗಿಲ್ಲವಂತೆ. ನೀವು ಹೇಳಿದ್ದನ್ನು ಕೇಳಿ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನಾನು ಈಗಲೂ ಪರದೆಯ ಹಿಂದೆಯೇ ಇದ್ದೆ. ಆಗ ನನ್ನ ಮೇಲೆ ನನಗೆ ಬಂದ ಹೇಸಿಗೆ ಇದೆಯಲ್ಲ ಅಪ್ಪ, ನಿಮ್ಮ ಮೇಲೂ ಅಷ್ಟು ಬಂದಿರಲಿಲ್ಲ. ನೀವು ಕಾಲೇಜು ಓದದವರು, ಪಹಣಿ ಎಂದುಕೊಂಡಿರಿ. ನಾನು ಐದೂವರೆ ವರ್ಷ ಓದಿ ಏನೆಂದುಕೊಂಡಿದ್ದೆ?

ಹೇಳಿಕೆಯ ಹಾಳೆಯನ್ನು ಹಿಂದಕ್ಕೆ ತಳ್ಳಿ ಬೇರೆ ಹಾಳೆ ಕೇಳಿದೆ. ಕೈಯಲ್ಲಿ ಬರೆದೆ. ಬೋರ್ಡನ್ನು ಕಳೆದ ದೀಪಾವಳಿಯಲ್ಲೇ ನೋಡಿದ್ದೆ, ಅದರ ಮೇಲಿನದು ನನ್ನ ನಂಬರ್ ಎಂದು ಗೊತ್ತಿತ್ತು, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಆಗಸ್ಟ್ 17ರಂದು ಬೆಂಚಿನ ಮೇಲೆ ಕೂತು ಒಳಗೆ ನಡೆಯುವುದನ್ನು ಕಿವಿಯಿಂದ ಕೇಳಿದೆ. ಆಮೇಲೂ ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಆ ತಿಂಗಳಿನಲ್ಲಿ ಈ ಹೆಂಗಸಿನ ಕಾಲು ಹೋಯಿತು. ಫೋಟೋವನ್ನೂ ಫೋನಿನಿಂದ ತೆಗೆದು ತೋರಿಸಿದೆ.

ಅಧಿಕಾರಿ ಕನ್ನಡಕ ತೆಗೆದು, ಹೀಗೆ ಬರೆದರೆ ನನ್ನ ರಿಜಿಸ್ಟ್ರೇಷನ್ನಿನ ಮೇಲೆ ಕ್ರಮಕ್ಕೆ ಆಯುರ್ವೇದ ಮಂಡಳಿಗೆ ಕಳಿಸಬೇಕಾಗುತ್ತದೆ, ಯೋಚಿಸಿ ಎಂದರು. ಕಳಿಸಿ ಎಂದೆ. ತೀರ್ಮಾನ ಆಗುವ ತನಕ ಕೆಲಸಕ್ಕೆ ಬರುವುದು ಬೇಡ ಎಂದು ಇವತ್ತು ಆಸ್ಪತ್ರೆಯಲ್ಲಿ ಹೇಳಿದರು. ಕೋಣೆಯ ಕೀಲಿಯನ್ನು ಮಾಲೀಕರಿಗೆ ಹಿಂದಕ್ಕೆ ಕೊಟ್ಟೆ.

ನೀವು ನನ್ನನ್ನು ಉಳಿಸಲು ನಿಂತಿರಿ, ಅದು ನನಗೆ ಗೊತ್ತು. ಹುಟ್ಟಿದಾಗಿನಿಂದ ನೀವು ನನಗಾಗಿ ಎಷ್ಟೋ ಮಾಡಿದ್ದೀರಿ. ಆದರೆ ನಿನ್ನೆ ಮಾಡಿದ್ದೂ ಅದೇ ಅಪ್ಪ. ಮತ್ತೆ ನನ್ನನ್ನು ಕೇಳದೆ ನನ್ನ ಪರವಾಗಿ ಉತ್ತರ ಕೊಟ್ಟಿರಿ.

ಅವ್ವನಿಗೆ ಇದನ್ನು ಪೂರ್ತಿ ಓದಿ ಹೇಳಿ. ಯಾವ ಸಾಲನ್ನೂ ಬಿಡಬೇಡಿ.

ಶಿವಕುಮಾರಿ


ಗೊರೇಬಾಳ
9 ನವೆಂಬರ್ 2025

ಶಿವಕುಮಾರಿ,

ವಿಚಾರಣೆಯ ಮೇಲೆ ಹಿಡಿದು ಒಳಗೆ ಹಾಕಿದ್ದರು, ಜಾಮೀನು ಸಿಕ್ಕಿ ಹನ್ನೆರಡು ದಿನವಾಯಿತು. ಕೇಸು ನಡೆಯುತ್ತದೆ. ನನಗೆ ಔಷಧಿ ಡಬ್ಬಿ ಬರುವುದು ನಿಂತಿದೆ, ಆದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಪಂಪಮ್ಮನಿಗೆ ನಿನ್ನ ಕಾಗದ ಪೂರ್ತಿ ಓದಿದೆ. ಓದುವುದು ಮುಗಿದ ಮೇಲೆ, ಮೊದಲಿನ ಕಾಗದವನ್ನೂ ಇನ್ನೊಮ್ಮೆ ಓದು ಎಂದಳು. ಬಿಟ್ಟಿದ್ದ ಸಾಲನ್ನೂ ಓದಿದೆ.

ಮಂದಿ ಈಗಲೂ ಬರುತ್ತಾರೆ. ಮುಂದಿನ ಬಾಗಿಲಿಗೆ ಸೀಲು ಇದೆ ಎಂದು ಹಿತ್ತಲಿಗೆ ಬಂದು, ಡಾಕ್ಟರಮ್ಮ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ಊರಿಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ನೋಡು, ಈಗಲೂ ಬಾಯಿಗೆ ಅದೇ ಬರುತ್ತದೆ. ನನಗೇ ನಾಚಿಕೆಯಾಗಿ ನಿನ್ನೆ ಬೆಳಿಗ್ಗೆ ದಢೇಸುಗೂರಿಗೆ ಹೋದೆ.

ಆದಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಓಣಿಯ ಹೆಂಗಸರೆಲ್ಲ ಭತ್ತದ ಕೊಯ್ಲಿಗೆ ಹೋಗಿದ್ದರು, ಇವಳೊಬ್ಬಳೇ ಮನೆಯಲ್ಲಿ. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡಳು, ಏಳಲು ಹೋದಳು. ಬೇಡ ಎಂದೆ. ಹೇಳಬೇಕೆಂದಿದ್ದ ಮಾತು ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಹೋಗಿದ್ದೆ, ಅಲ್ಲಿ ನಿಂತು ಕೊಯ್ಲಿನ ಮಾತು ಆಡಿದೆ. ಕಡೆಗೆ, ‘ಆದಮ್ಮ, ಆವತ್ತು ಒಳಗ ಯಾರೂ ಇದ್ದಿಲ್ಲ. ನನ್ನ ಮಗಳು ಎಂದೂ ಒಳಗ ಕುಂತಿಲ್ಲ. ನಾ ಒಬ್ಬನಽ ಇದ್ದೆ’ ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಮೊರವನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಕೇಳಿದಳು.

‘ಹಂಗಾರ, ಸೂಜಿ ಹಾಕ್ಲೇನು ಅಂತ ಯಾರನ್ನ ಕೇಳ್ತಿದ್ರಿ, ಡಾಕ್ಟ್ರ?’

ಚಪ್ಪಲಿ ಮೆಟ್ಟಿಕೊಂಡು ಊರಿಗೆ ಬಂದೆ.

ಅಮರಗುಂಡಪ್ಪ